ಅಂಕಪಟ್ಟಿಯಲ್ಲಿ ಮೊದಲು, ಅಧ್ಯಕ್ಷರ ಕುರ್ಚಿ ಖಾಲಿ: ಹಿಂದುಳಿದ ತಾಲ್ಲೂಕಿನ ಪರವಾಗಿ ಕೇಳುವವರು ಯಾರು?

2025ರ ಫೆಬ್ರವರಿಯಲ್ಲಿ ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ ಒಂದು ಸೂಚ್ಯಂಕವನ್ನು ಬಿಡುಗಡೆ ಮಾಡಿತು. ಅಧಿಕಾರ, ಹಣ, ಸಿಬ್ಬಂದಿ ಈ ಮೂರನ್ನೂ ಯಾವ ರಾಜ್ಯ ಎಷ್ಟರಮಟ್ಟಿಗೆ ಪಂಚಾಯಿತಿಗಳಿಗೆ ಬಿಟ್ಟುಕೊಟ್ಟಿದೆ ಎಂದು ಅಳೆಯುವ ಪಟ್ಟಿ ಅದು. ಕರ್ನಾಟಕಕ್ಕೆ 72.23 ಅಂಕ, ದೇಶಕ್ಕೇ ಮೊದಲ ಸ್ಥಾನ. ವಿಕೇಂದ್ರೀಕರಣ ಎಂದರೆ ಎಲ್ಲರೂ ಬೊಟ್ಟುಮಾಡುವ ಕೇರಳ ಎರಡನೆಯದು, ತಮಿಳುನಾಡು ಮೂರನೆಯದು. ಸುದ್ದಿ ಬಂದ ದಿನ ಬೆನ್ನು ತಟ್ಟಿಕೊಂಡವರು ಹಲವರು. ತಟ್ಟಿಕೊಳ್ಳಲಿ, ಬೇಡವೆನ್ನುವುದಿಲ್ಲ. ಆದರೆ ಅದೇ ದಿನ ರಾಜ್ಯದ 31 ಜಿಲ್ಲಾ ಪಂಚಾಯಿತಿಗಳ ಪೈಕಿ ಒಂದರಲ್ಲಿಯೂ ಚುನಾಯಿತ ಅಧ್ಯಕ್ಷರಿರಲಿಲ್ಲ. ಒಬ್ಬ ಸದಸ್ಯರೂ ಇರಲಿಲ್ಲ. ತಾಲ್ಲೂಕು ಪಂಚಾಯಿತಿಗಳ ಕಥೆಯೂ ಅದೇ.

ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಬಾರಿ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. ಆ ಸದಸ್ಯರ ಅವಧಿ 2021ರ ಮಧ್ಯಭಾಗದ ಹೊತ್ತಿಗೆ ಮುಗಿಯಿತು. ಅದೇ ವರ್ಷ ಕ್ಷೇತ್ರ ಮರುವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದ ಕೈಯಿಂದ ತೆಗೆದು ಬೇರೊಂದು ಸೀಮಾ ನಿರ್ಣಯ ಆಯೋಗಕ್ಕೆ ಕೊಡಲಾಯಿತು. ಅಲ್ಲಿಂದ ಮುಂದೆ ಕರಡು, ಆಕ್ಷೇಪಣೆ, ಮೀಸಲಾತಿ ಪಟ್ಟಿ, ಹೈಕೋರ್ಟು, ಮತ್ತೆ ಕರಡು. ನಡುವೆ ಸರ್ಕಾರ ಬದಲಾಯಿತು, ಪಕ್ಷ ಬದಲಾಯಿತು, ನೆಪ ಮಾತ್ರ ಬದಲಾಗಲಿಲ್ಲ. ಅವಧಿ ಮುಗಿಯುವುದರೊಳಗೆ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನದ 243-ಇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಇದನ್ನು ಸರ್ಕಾರಗಳು ಸಲಹೆ ಎಂದುಕೊಂಡಂತಿದೆ.

ಚುನಾವಣೆ ನಡೆಯದಿದ್ದರೆ ಪ್ರಜಾಪ್ರಭುತ್ವಕ್ಕೆ ಧಕ್ಕೆ ಎನ್ನುವ ಮಾತು ನಿಜ, ಆದರೆ ಸವೆದ ನಾಣ್ಯ. ನನಗೆ ಹೆಚ್ಚು ಕಾಡುವುದು ಬೇರೊಂದು ಸಂಗತಿ. ಈ ಖಾಲಿತನ ಎಲ್ಲ ಊರುಗಳನ್ನೂ ಸಮನಾಗಿ ಹೊಡೆಯುವುದಿಲ್ಲ. ಕೈಯಲ್ಲಿ ಸ್ವಂತ ಕಾಸಿರುವ ಗ್ರಾಮ ಪಂಚಾಯಿತಿ ಮೇಲಿನವರಿದ್ದರೂ ಇಲ್ಲದಿದ್ದರೂ ಹೇಗೋ ಬದುಕುತ್ತದೆ. ಕಾಸಿಲ್ಲದ ಪಂಚಾಯಿತಿಗೆ ಮಧ್ಯದ ಮೆಟ್ಟಿಲು ಮುರಿದರೆ ಹತ್ತುವ ದಾರಿಯೇ ಉಳಿಯುವುದಿಲ್ಲ.

ಒಂದು ರಸೀದಿಯ ಲೆಕ್ಕ

ಇದು ಅರ್ಥವಾಗಬೇಕಾದರೆ ಕಂದಾಯದ ರಸೀದಿಯೊಂದನ್ನು ಕೈಗೆತ್ತಿಕೊಳ್ಳಬೇಕು. ಬಿಲ್ ಕಲೆಕ್ಟರ್ ಮನೆ ಬಾಗಿಲಿಗೆ ಬಂದು ಹರಿದುಕೊಡುವ ಆ ಚೀಟಿಯಲ್ಲಿ ಮನೆ ತೆರಿಗೆಯ ಕೆಳಗೆ ಉಪಕರಗಳ ಸಾಲು ಇರುತ್ತದೆ: ಆರೋಗ್ಯಕ್ಕೆ ಶೇ 15, ಶಿಕ್ಷಣಕ್ಕೆ ಶೇ 10, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪುನರ್ವಸತಿಗೆ ಶೇ 3. ತೆರಿಗೆ 600 ರೂಪಾಯಿ ಎಂದಾದರೆ ಇವುಗಳ ಬಾಬ್ತು ಇನ್ನೂ 204 ರೂಪಾಯಿ. ಮನೆಯವರು ಕೊಡುವುದು 804, ಪಂಚಾಯಿತಿಗೆ ಉಳಿಯುವುದು 600. ಉಪಕರವನ್ನು ವಸೂಲು ಮಾಡುವ ಬೈಗುಳ ಪಂಚಾಯಿತಿಗೆ, ಹಣ ಇನ್ನೊಬ್ಬರಿಗೆ. ಎಷ್ಟೋ ಪಂಚಾಯಿತಿಗಳು ಆ ಹಣವನ್ನೂ ಸಕಾಲಕ್ಕೆ ಕಟ್ಟದೆ ತಮ್ಮ ಖರ್ಚಿಗೇ ಬಳಸಿಕೊಂಡು ಲೆಕ್ಕಪರಿಶೋಧಕರ ಕೈಗೆ ಸಿಕ್ಕಿಬೀಳುತ್ತವೆ. ಅದು ತಪ್ಪೇ. ಆದರೆ ಯಾಕೆ ಹಾಗೆ ಮಾಡುತ್ತಾರೆ ಎಂಬುದು ಮುಂದಿನ ಲೆಕ್ಕದಲ್ಲಿದೆ.

ಸುಲಭವಾಗಲೆಂದು ಒಂದು ಕಲ್ಪಿತ ಪಂಚಾಯಿತಿಯನ್ನು ತೆಗೆದುಕೊಳ್ಳೋಣ. ಐದಾರು ಸಾವಿರ ಜನ, ನಾಲ್ಕು ಹಳ್ಳಿ, ಒಂದು ತಾಂಡಾ, 1,200 ಮನೆ. ಪ್ರತಿ ಮನೆಯಿಂದ 600 ರೂಪಾಯಿ ಎಂದರೂ ವರ್ಷದ ಬೇಡಿಕೆ 7 ಲಕ್ಷದ 20 ಸಾವಿರ. ಅರ್ಧ ವಸೂಲಾದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ನಿಟ್ಟುಸಿರು ಬಿಡುತ್ತಾರೆ. ಆ ಮೂರೂವರೆ ಲಕ್ಷದಲ್ಲಿ ಕೆಟ್ಟ ಮೋಟಾರು ಎತ್ತಿಸಬೇಕು, ಬೀದಿ ದೀಪದ ಬಲ್ಬು ಬದಲಿಸಬೇಕು, ಒಡೆದ ಪೈಪು ಬೆಸೆಯಬೇಕು, ಕಚೇರಿಯ ಇಂಟರ್ನೆಟ್ ಕಟ್ಟಬೇಕು, ನೀರಗಂಟಿಗೆ ಸಂಬಳ ಸಾಲದಿದ್ದಾಗ ಹೊಂದಿಸಬೇಕು. ರಾಜ್ಯ ಸರ್ಕಾರದ ಶಾಸನಬದ್ಧ ಅನುದಾನವೇನೋ ಬರುತ್ತದೆ. ಆದರೆ ಅದರ ದೊಡ್ಡ ಪಾಲು ಎಸ್ಕಾಂಗಳ ವಿದ್ಯುತ್ ಬಿಲ್ಲಿಗೂ ಸಿಬ್ಬಂದಿಯ ವೇತನಕ್ಕೂ ಮೊದಲೇ ಗುರುತಾಗಿರುತ್ತದೆ.

ಈಗ ಬೆಂಗಳೂರಿನ ಅಂಚಿಗೆ ಬನ್ನಿ. ನೆಲಮಂಗಲ, ಹೊಸಕೋಟೆ, ಆನೇಕಲ್ ಕಡೆ ಗೋದಾಮು, ಕಾರ್ಖಾನೆ, ಕಲ್ಯಾಣ ಮಂಟಪ, ಬಡಾವಣೆಗಳನ್ನು ಹೊಂದಿರುವ ಗ್ರಾಮ ಪಂಚಾಯಿತಿಗಳಿವೆ. ನಮ್ಮ ಕಲ್ಪಿತ ಪಂಚಾಯಿತಿ ವರ್ಷವಿಡೀ ಬೆವರಿಳಿಸಿ ಕೂಡಿಸುವಷ್ಟನ್ನು ಇಲ್ಲಿ ಒಂದೆರಡು ಕಟ್ಟಡಗಳೇ ಕೊಡಬಲ್ಲವು. ಎರಡೂ ಕಡೆ ಕಾಯ್ದೆ ಒಂದೇ, ಪಿಡಿಒ ಹುದ್ದೆ ಒಂದೇ, ನಾಮಫಲಕದ ಬಣ್ಣವೂ ಹೆಚ್ಚುಕಡಿಮೆ ಒಂದೇ. ಇದರಲ್ಲೊಂದು ವಿಚಿತ್ರವೂ ಇದೆ: ಹೀಗೆ ಗಟ್ಟಿಯಾದ ಪಂಚಾಯಿತಿ ಹೆಚ್ಚು ಕಾಲ ಪಂಚಾಯಿತಿಯಾಗಿ ಉಳಿಯುವುದೇ ಇಲ್ಲ. ಪಟ್ಟಣ ಪಂಚಾಯಿತಿಯೋ ಪುರಸಭೆಯೋ ಆಗಿ ಗ್ರಾಮೀಣ ಲೆಕ್ಕದಿಂದ ಹೊರಬೀಳುತ್ತದೆ. ಗ್ರಾಮೀಣ ವ್ಯವಸ್ಥೆಯಲ್ಲಿ ಉಳಿಯುವುದು ತೆರಿಗೆ ಹುಟ್ಟದ ನೆಲ.

ತೆರಿಗೆಯ ಬಲೆಯನ್ನು ಅಗಲಗೊಳಿಸುವ ಪ್ರಯತ್ನಗಳು ನಡೆದಿಲ್ಲವೆಂದಲ್ಲ. ಹಳ್ಳಿಯ ಆಸ್ತಿಗಳ ಖಾತೆಯನ್ನು ಕಂಪ್ಯೂಟರಿಗೆ ತರಲು 2013ರಲ್ಲಿ ಬಂದ ಇ-ಸ್ವತ್ತು, ಅದರ ಖಾತೆ ಪತ್ರಗಳಾದ ನಮೂನೆ 9 ಮತ್ತು 11, ಮೊನ್ನೆ 2025ರ ತಿದ್ದುಪಡಿಯಲ್ಲಿ ಅನಧಿಕೃತ ಬಡಾವಣೆಯ ಸ್ವತ್ತುಗಳನ್ನೂ 11ಬಿ ಅಡಿ ತೆರಿಗೆಗೆ ತಂದದ್ದು, ಎಲ್ಲವೂ ಸರಿಯಾದ ಹೆಜ್ಜೆಗಳೇ. ಆದರೆ ಇದರ ಫಲ ಎಲ್ಲಿ ಸುರಿಯುತ್ತದೆ? ನಿವೇಶನ ಮಾರಾಟ ಜೋರಾಗಿರುವಲ್ಲಿ. ರಾಯಚೂರು ಜಿಲ್ಲೆಯ ದೇವದುರ್ಗದ ಹಳ್ಳಿಯೊಂದರಲ್ಲಿ ಖಾತೆ ಸರಿಪಡಿಸಿಕೊಂಡರೆ ಮನೆಯವರಿಗೆ ಬ್ಯಾಂಕ್ ಸಾಲ ಸಿಗಬಹುದು, ಅದು ಸಣ್ಣ ಮಾತಲ್ಲ. ಪಂಚಾಯಿತಿಯ ಪೆಟ್ಟಿಗೆ ಮಾತ್ರ ಅದರಿಂದ ತುಂಬುವುದಿಲ್ಲ.

ಅಳತೆ ತಾಲ್ಲೂಕಿಗೆ, ಹಣ ಇಲಾಖೆಗೆ, ಮಾತು ಶಾಸಕರಿಗೆ

ದೇವದುರ್ಗದ ಹೆಸರು ಸುಮ್ಮನೆ ಬಂದದ್ದಲ್ಲ. 2002ರ ಜೂನ್‌ನಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಪ್ರಾದೇಶಿಕ ಅಸಮಾನತೆಯ ವರದಿ ಕೊಟ್ಟಾಗ ರಾಜ್ಯದ 175 ತಾಲ್ಲೂಕುಗಳ ಕಟ್ಟಕಡೆಯಲ್ಲಿದ್ದದ್ದು ಆ ತಾಲ್ಲೂಕು. ಕೃಷಿ, ಕೈಗಾರಿಕೆ, ಶಿಕ್ಷಣ, ಆರೋಗ್ಯ ಎಂದು 35 ಸೂಚಕಗಳನ್ನು ಹಿಡಿದು ಅಳೆದ ಸಮಿತಿ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. 39ರಲ್ಲಿ 26 ಉತ್ತರ ಕರ್ನಾಟಕದವು. ಉಳಿದ 13 ದಕ್ಷಿಣದಲ್ಲೇ ಇದ್ದವು ಎಂಬುದನ್ನು ಉತ್ತರ–ದಕ್ಷಿಣ ಎಂದು ಜಗಳವಾಡುವವರು ಮರೆಯುತ್ತಾರೆ. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ಖರ್ಚು ಮಾಡಿ, ಅದರಲ್ಲಿ 16,000 ಕೋಟಿ ಹೆಚ್ಚುವರಿ ಹಣವಾಗಿರಲಿ ಎಂದು ಸಮಿತಿ ಹೇಳಿತ್ತು. 2007–08ರಿಂದ ವಿಶೇಷ ಅಭಿವೃದ್ಧಿ ಯೋಜನೆ ಶುರುವಾಯಿತು. ಮುಂದೆ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಆ ಭಾಗದ ಅಭಿವೃದ್ಧಿಗೆಂದು ಮಂಡಳಿ ಬಂತು, ಅದರ ವಾರ್ಷಿಕ ಅನುದಾನ ಏರುತ್ತ ಏರುತ್ತ 5,000 ಕೋಟಿಗೆ ತಲುಪಿತು. 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಅಸಮಾನತೆಯನ್ನು ಮತ್ತೆ ಅಳೆಯಲು ಇನ್ನೊಂದು ಸಮಿತಿಯನ್ನೂ ರಚಿಸಲಾಯಿತು.

ನಂಜುಂಡಪ್ಪನವರ ದೊಡ್ಡ ಕೊಡುಗೆ ಎಂದರೆ ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಹಿಡಿದದ್ದು. ಒಂದೇ ಜಿಲ್ಲೆಯಲ್ಲಿ ನೀರಾವರಿಯ ತಾಲ್ಲೂಕು ಬೇರೆ, ಒಣ ತಾಲ್ಲೂಕು ಬೇರೆ ಎಂಬುದು ಊರಿನವರಿಗೆಲ್ಲ ಗೊತ್ತಿತ್ತು. ಸರ್ಕಾರಿ ಕಾಗದಕ್ಕೆ ಬಂದದ್ದು ಆಗಲೇ. ಆದರೆ ಅಳತೆಗೋಲು ತಾಲ್ಲೂಕಿನದಾದರೂ ಆ ಹಣವನ್ನು ಕೈಯೊಡ್ಡಿ ಪಡೆಯುವ, ಇಲ್ಲಿ ಶಾಲೆ ಬೇಡ ಶಿಕ್ಷಕರು ಬೇಕು ಎಂದು ಹೇಳುವ, ತಪ್ಪಿದರೆ ಮತದಾರರೆದುರು ನಿಲ್ಲುವ ಸರ್ಕಾರವೊಂದು ತಾಲ್ಲೂಕಿನಲ್ಲಿ ಇರಬೇಕಲ್ಲ? ಕಾಗದದ ಮೇಲೆ ಅದು ತಾಲ್ಲೂಕು ಪಂಚಾಯಿತಿ. ನಿಜದಲ್ಲಿ ಹಣ ಲೋಕೋಪಯೋಗಿ ಇಲಾಖೆಗೋ ಗುತ್ತಿಗೆ ಸಂಸ್ಥೆಗೋ ಹೋಗುತ್ತದೆ, ಯಾವ ಊರಿಗೆ ಯಾವ ಕಾಮಗಾರಿ ಎಂಬ ಮಾತಿನಲ್ಲಿ ಶಾಸಕರದೇ ಮೇಲುಗೈ. ತಾಲ್ಲೂಕು ಮಟ್ಟದ ಪ್ರಗತಿ ಪರಿಶೀಲನಾ (ಕೆಡಿಪಿ) ಸಭೆಗೂ ಶಾಸಕರೇ ಅಧ್ಯಕ್ಷರು. ಜಿಲ್ಲೆಯಲ್ಲಿ ಉಸ್ತುವಾರಿ ಸಚಿವರು. ಆ ಸಭೆಗಳಲ್ಲಿ ಅಧಿಕಾರಿಗಳು ಅಂಕಿಅಂಶ ಓದುತ್ತಾರೆ, ಸಚಿವರು ಒಂದಿಬ್ಬರನ್ನು ಗದರುತ್ತಾರೆ, ಮರುದಿನ ಪತ್ರಿಕೆಯಲ್ಲಿ ‘ಅಧಿಕಾರಿಗಳಿಗೆ ತರಾಟೆ’ ಎಂದು ಬರುತ್ತದೆ. ಮೂರು ತಿಂಗಳ ನಂತರ ಮತ್ತೊಂದು ಸಭೆ.

ಹೀಗೆ ಹರಿದ ಹಣ ಯಾವ ರೂಪ ತಾಳುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಉದ್ಘಾಟಿಸಲು ಬರುವ ರೂಪ. ಸಿ.ಸಿ. ರಸ್ತೆ, ಸಮುದಾಯ ಭವನ, ಶಾಲಾ ಕೊಠಡಿ. ಕೊಠಡಿಯೊಳಗೆ ಗಣಿತದ ಮೇಷ್ಟ್ರು ಇದ್ದಾರೆಯೇ ಎನ್ನುವುದಕ್ಕೆ ಶಂಕುಸ್ಥಾಪನೆ ಇಲ್ಲ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಮೊದಲು, ಕಲಬುರಗಿ ಕೊನೆ. ವರ್ಷ ವರ್ಷ ಮೇ ತಿಂಗಳಲ್ಲಿ ನಾವು ಈ ಪಟ್ಟಿ ನೋಡಿ ಒಂದು ವಾರ ಚರ್ಚಿಸುತ್ತೇವೆ. ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲಾ ಪಂಚಾಯಿತಿಯಲ್ಲಿ ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿ ಎಂಬುದೊಂದಿದೆ. ತಿಂಗಳು ತಿಂಗಳೂ ಜಿಲ್ಲೆಯ ಶಾಲಾ ಶಿಕ್ಷಣದ ಉಪನಿರ್ದೇಶಕರನ್ನು (ಡಿಡಿಪಿಐ) ಕೂರಿಸಿ ಕೇಳಬೇಕಾದವರು ಅದರ ಸದಸ್ಯರು. ಸದಸ್ಯರೇ ಇಲ್ಲದ ಮೇಲೆ ಕೇಳುವವರು ಯಾರು? ಕೇಳುವವರಿದ್ದ ಕಾಲದಲ್ಲೂ ಕಲಬುರಗಿ ಮೊದಲ ಸ್ಥಾನಕ್ಕೇನೂ ಬಂದಿರಲಿಲ್ಲ, ಒಪ್ಪುತ್ತೇನೆ. ಆದರೆ ಹೆಡ್‌ಮಾಸ್ಟರು ಯಾರೆಂದು ಹೆಸರು ಹಿಡಿದು ಹೇಳಬಲ್ಲ, ತನ್ನ ಕ್ಷೇತ್ರದ ಹತ್ತಾರು ಹಳ್ಳಿಗಳ ಶಾಲೆಗಳನ್ನಷ್ಟೇ ನೋಡಿಕೊಳ್ಳಬೇಕಾದ ಒಬ್ಬ ಜನಪ್ರತಿನಿಧಿ ಆಗ ಇದ್ದರು.

ಗ್ರಾಮ ಪಂಚಾಯಿತಿ ಇದನ್ನು ತುಂಬಲಾರದೇ ಎಂದು ಕೇಳಬಹುದು. ತುಂಬಲಾರದು, ಅದರ ಗಾತ್ರವೇ ಅಷ್ಟು. ಪ್ರೌಢಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರ, ವಿದ್ಯಾರ್ಥಿ ನಿಲಯ, ಹತ್ತು ಹಳ್ಳಿಗೆ ಒಂದೇ ಕೆರೆಯಿಂದ ನೀರು ಕೊಡುವ ಬಹುಗ್ರಾಮ ಯೋಜನೆ, ಇವೆಲ್ಲ ಒಂದು ಪಂಚಾಯಿತಿಯ ಗಡಿಯನ್ನು ಮೀರಿದವು. ನೀರಿನದನ್ನೇ ನೋಡಿ. ಜಲಜೀವನ್ ಮಿಷನ್ ಅಡಿ ಮನೆ ಮನೆಗೆ ನಲ್ಲಿ ಬಂದಿದೆ. ಗುತ್ತಿಗೆದಾರರು ಪೈಪು ಹೂತು, ರಸ್ತೆ ಅಗೆದದ್ದನ್ನು ಅರೆಬರೆ ಮುಚ್ಚಿ, ಯೋಜನೆಯನ್ನು ಪಂಚಾಯಿತಿಗೆ ಹಸ್ತಾಂತರಿಸಿ ಹೋಗುತ್ತಾರೆ. ಮೋಟಾರಿನ ವಿದ್ಯುತ್ತು, ವಾಲ್ವು, ರಿಪೇರಿ ಎಲ್ಲವೂ ಅಲ್ಲಿಂದಾಚೆ ಪಂಚಾಯಿತಿಯ ಪಾಲು. ನೀರಿನ ಶುಲ್ಕ ಕಟ್ಟಿ ಎಂದು ಹೋದರೆ ಜನ ಕೇಳುವ ಪ್ರಶ್ನೆಯೂ ನ್ಯಾಯವಾದದ್ದೇ: ನೀರು ಎಲ್ಲಿ? ಹಸ್ತಾಂತರ ಪಡೆಯಲು ಹಿಂದೇಟು ಹಾಕುವ ಅಧ್ಯಕ್ಷರನ್ನು ನಾನು ದೂರುವುದಿಲ್ಲ. ಆಸ್ತಿ ಎಂದು ಕೊಟ್ಟದ್ದು ಕೆಲವೊಮ್ಮೆ ಸಾಲವಾಗಿರುತ್ತದೆ.

ಕಟ್ಟಿಹಾಕಿದ ಹಣ

ಕೇಂದ್ರದಿಂದ ಬರುವ ಹಣದ ಗತಿ ಇನ್ನೂ ಸೂಕ್ಷ್ಮ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ಭಾಗ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಪಂಚಾಯಿತಿ ತನ್ನ ಇಷ್ಟದಂತೆ ಬಳಸಬಹುದಾದದ್ದು ಶೇ 40, ಅದರಲ್ಲೂ ಸಂಬಳ ಕೊಡುವಂತಿಲ್ಲ. ರಾಜ್ಯ ರಾಜ್ಯಗಳ ನಡುವೆ ಹಣ ಹಂಚುವಾಗ ಜನಸಂಖ್ಯೆಗೆ ಶೇ 90, ವಿಸ್ತೀರ್ಣಕ್ಕೆ ಶೇ 10 ತೂಕ. ಹಿಂದುಳಿದಿರುವಿಕೆಗೆ ತೂಕವೇ ಇಲ್ಲ. ಜೊತೆಗೊಂದು ಷರತ್ತು: ಚುನಾಯಿತ ಸಂಸ್ಥೆಗಳಿಗೆ ಮಾತ್ರ ಹಣ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಪಾಲು ನಿಂತದ್ದು ಹೀಗೆ. ರಾಜ್ಯಕ್ಕೆ ಬರಬೇಕಾದ ತೆರಿಗೆ ಪಾಲಿನ ಬಗ್ಗೆ ದೆಹಲಿಯಲ್ಲಿ ಧರಣಿ ಕೂರುವವರು, ಚುನಾವಣೆಯನ್ನೊಂದು ನಡೆಸಿದ್ದರೆ ತಾನಾಗಿ ಬರುತ್ತಿದ್ದ ಹಣದ ಬಗ್ಗೆ ಮೌನವಾಗಿದ್ದಾರೆ. ಗ್ರಾಮ ಪಂಚಾಯಿತಿಗಳಿಗೆ ಬಹುಪಾಲು ಕಡೆ ಚುನಾವಣೆ ನಡೆದದ್ದು 2020ರ ಡಿಸೆಂಬರ್‌ನಲ್ಲಿ. ಅವುಗಳ ಅವಧಿಯೂ ಐದೇ ವರ್ಷ, ಅದಕ್ಕೆ ಐದು ಕೂಡಿಸಿದರೆ ಎಷ್ಟೆಂದು ಬೆರಳು ಮಡಚಿ ಹೇಳಬಹುದು.

ಬಡ ಪಂಚಾಯಿತಿಯ ಕೈಗೆ ದೊಡ್ಡ ಮೊತ್ತವೊಂದು, ಅದೂ ತನ್ನ ಗ್ರಾಮ ಸಭೆಯ ತೀರ್ಮಾನದ ಮೇಲೆ ಖರ್ಚು ಮಾಡಲು ಸಿಗುತ್ತಿದ್ದುದು ಉದ್ಯೋಗ ಖಾತರಿಯಲ್ಲಿ ಮಾತ್ರ. ಬದು, ಕೃಷಿ ಹೊಂಡ, ಕೆರೆ ಹೂಳು, ಶಾಲೆಯ ಕಾಂಪೌಂಡು. ಕಾಮಗಾರಿಗಳ ಮೌಲ್ಯದಲ್ಲಿ ಕನಿಷ್ಠ ಅರ್ಧ ಪಂಚಾಯಿತಿಯ ಮೂಲಕವೇ ನಡೆಯಬೇಕೆಂದು 2005ರ ಕಾಯ್ದೆ ಹೇಳಿತ್ತು. ಕೂಲಿಯ ಪೂರ್ತಿ ಹೊರೆ ಕೇಂದ್ರದ್ದಾಗಿತ್ತು. ನಕಲಿ ಹಾಜರಿ, ಜೆಸಿಬಿ ಬಿಟ್ಟು ಕೂಲಿಯವರ ಹೆಸರು ಬರೆದದ್ದು, ಇವೆಲ್ಲ ಇದ್ದವು, ನೋಡದವರಿಲ್ಲ. ಆದರೂ ಯಾದಗಿರಿ, ರಾಯಚೂರು ಕಡೆಯಿಂದ ಗುಳೆ ಹೊರಡುವ ಮನೆಯೊಂದಕ್ಕೆ ಬೇಸಿಗೆಯಲ್ಲಿ ಊರಲ್ಲೇ ಕೆಲಸವಿದೆ ಎಂಬ ಭರವಸೆ ಅದರಿಂದಲೇ ಇತ್ತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅದರ ಜಾಗಕ್ಕೆ ಹೊಸ ಕಾಯ್ದೆ ತಂದಿತು. ದಿನಗಳು 100ರಿಂದ 125ಕ್ಕೆ ಏರಿವೆ, ಖರ್ಚಿನಲ್ಲಿ ಶೇ 40 ರಾಜ್ಯದ ಪಾಲಾಗಿದೆ, ಕೇಳಿದಷ್ಟು ಕೆಲಸ ಎಂಬುದರ ಬದಲು ಮೊದಲೇ ನಿಗದಿಯಾದ ಹಂಚಿಕೆ ಬಂದಿದೆ. ರಾಜ್ಯದ ಖಜಾನೆ ಬಿಗಿಯಾದ ವರ್ಷ ಮೊದಲು ಕೈಬಿಡುವುದು ಯಾರನ್ನು? ಕೂಗಿ ಕೇಳುವವರಿಲ್ಲದ ತಾಲ್ಲೂಕನ್ನು.

ಗ್ರಾಮ ಸಭೆ ಕೇಳುವುದಿಲ್ಲವೇ ಎನ್ನಬಹುದು. ಯಾವುದಾದರೊಂದು ಗ್ರಾಮ ಸಭೆಗೆ ಹೋಗಿ ಕೂತು ನೋಡಿ. ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿ, ಮುಂದಿನ ಸಾಲಿನಲ್ಲಿ ಸ್ವಸಹಾಯ ಸಂಘದ ಹೆಂಗಸರು, ಹಿಂದೆ ನಿಂತೇ ಇರುವ ಗಂಡಸರು. ನೋಡಲ್ ಅಧಿಕಾರಿ ಬರುವವರೆಗೆ ಸಭೆ ಶುರುವಾಗದು. ಕೃಷಿ, ಅರಣ್ಯ, ವಿದ್ಯುತ್ ಎಂದು ಇಲಾಖೆಯವರು ಒಬ್ಬೊಬ್ಬರೇ ಎದ್ದು ಯೋಜನೆಗಳ ಹೆಸರು ಓದುತ್ತಾರೆ. ಅರ್ಧದಷ್ಟು ಇಲಾಖೆಗಳಿಂದ ಯಾರೂ ಬಂದಿರುವುದಿಲ್ಲ. ಕೊನೆಗೆ ಮನೆಯ ಫಲಾನುಭವಿ ಪಟ್ಟಿಗೆ ಬಂದಾಗ ಸಭೆ ಒಮ್ಮೆಲೇ ಎಚ್ಚರಗೊಳ್ಳುತ್ತದೆ, ಕೂಗಾಟವಾಗುತ್ತದೆ. ಆ ಕೂಗಾಟವನ್ನು ಕೆಲವರು ಅಜ್ಞಾನ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಇಡೀ ಸಭೆಯಲ್ಲಿ ಅವರ ಮಾತಿಗೆ ಸ್ವಲ್ಪವಾದರೂ ಬೆಲೆ ಇರುವ ಒಂದೇ ವಿಷಯ ಅದು. ಅದಕ್ಕೇ ಅಲ್ಲಿ ಗಂಟಲು ಏರುತ್ತದೆ. ಆಸ್ಪತ್ರೆಗೆ ಡಾಕ್ಟರಿಲ್ಲ ಎಂದು ಅಲ್ಲಿ ಕೂಗಿದರೆ ಪಿಡಿಒ ‘ಮೇಲಕ್ಕೆ ಬರೆಯುತ್ತೇವೆ’ ಎನ್ನುತ್ತಾರೆ. ಮೇಲೆ ಎಂದರೆ ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ. ಅಲ್ಲಿ ಆ ಪತ್ರವನ್ನು ತಾಲ್ಲೂಕಿನ ಕಾರ್ಯನಿರ್ವಾಹಕ ಅಧಿಕಾರಿ (ಇಒ) ತೆರೆಯುತ್ತಾರೆ, ಜಿಲ್ಲೆಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ (ಸಿಇಒ) ತೆರೆಯುತ್ತಾರೆ, ಚುನಾಯಿತರ ಜಾಗದಲ್ಲಿ ಕೂತ ಆಡಳಿತಾಧಿಕಾರಿ ಸಹಿ ಹಾಕುತ್ತಾರೆ. ಯಾರೂ ಕೆಟ್ಟವರಲ್ಲ. ಆದರೆ ಎರಡು ವರ್ಷಕ್ಕೆ ವರ್ಗವಾಗುವವರು.

ಮೊದಲು ಹೀಗಿರಲಿಲ್ಲ

1987ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಸಿದಾಗ ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಇತ್ತು. ಅವರ ಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಕೆಲಸ ಮಾಡುತ್ತಿದ್ದ ಐಎಎಸ್ ಅಧಿಕಾರಿ ಜಿಲ್ಲಾಧಿಕಾರಿಗಿಂತ ಹಿರಿಯರು. ಕೊಳವೆಬಾವಿಗಳನ್ನು ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಕಟ್ಟಿದ ವ್ಯವಸ್ಥೆ ಅದು. ಮಹಿಳೆಯರಿಗೆ ಕಾಲು ಭಾಗ ಮೀಸಲಾತಿಯೂ ಆಗಲೇ ಬಂತು. ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು ಆರು ವರ್ಷಗಳ ನಂತರ, 1993ರ ಏಪ್ರಿಲ್ 24ರಂದು. ತಮಾಷೆ ಎಂದರೆ, ಸಂವಿಧಾನದ ರಕ್ಷಣೆ ಇಲ್ಲದಾಗ ಇದ್ದ ಗತ್ತು ರಕ್ಷಣೆ ಸಿಕ್ಕ ಮೇಲೆ ಉಳಿಯಲಿಲ್ಲ. ಶಾಸಕರಿಗೆ ಜಿಲ್ಲೆಯಲ್ಲಿ ಇನ್ನೊಬ್ಬ ನಾಯಕ ಬೆಳೆಯುವುದು ಯಾವ ಕಾಲಕ್ಕೂ ಹಿಡಿಸಿಲ್ಲ.

ಜಿಲ್ಲಾ ಪಂಚಾಯಿತಿಗಳೇನೂ ದೇವರ ಗುಡಿಗಳಾಗಿರಲಿಲ್ಲ. ಅಧ್ಯಕ್ಷ ಗಾದಿಗಾಗಿ ಸದಸ್ಯರನ್ನು ರೆಸಾರ್ಟಿಗೆ ಒಯ್ದದ್ದು, ಸಾಮಾನ್ಯ ಸಭೆಯಲ್ಲಿ ಕಾಮಗಾರಿ ಹಂಚಿಕೆಗೆ ಜಗಳವಾದದ್ದು ಎಲ್ಲರಿಗೂ ನೆನಪಿದೆ. ಪಂಚಾಯಿತಿಗಳ ಪಾಲಿನ ಹಣವನ್ನು ತೋರಿಸುವ, ಬಜೆಟ್ಟಿನ ಜೊತೆ ಬರುವ ಲಿಂಕ್ ಡಾಕ್ಯುಮೆಂಟ್ ತೆರೆದರೆ ಅವುಗಳ ಹೆಸರಿನಲ್ಲಿ ಸಾವಿರಾರು ಕೋಟಿ ಕಾಣುತ್ತದೆ, ಆದರೆ ಬಹುಪಾಲು ಶಿಕ್ಷಕರ ಮತ್ತು ಇತರ ನೌಕರರ ಸಂಬಳ. ಪಂಚಾಯಿತಿ ಅದಕ್ಕೆ ಅಂಚೆ ಪೆಟ್ಟಿಗೆ ಮಾತ್ರ. ತಾಲ್ಲೂಕು ಪಂಚಾಯಿತಿ ಸದಸ್ಯರಂತೂ ತಮಗೆ ಅಧಿಕಾರವೇ ಇಲ್ಲವೆಂದು ಗೋಳಾಡುತ್ತಿದ್ದರು. ಅದನ್ನು ರದ್ದು ಮಾಡಿದರೆ ಹೇಗೆ ಎಂಬ ಮಾತು ಸರ್ಕಾರದ ಮಟ್ಟದಲ್ಲೇ ಕೇಳಿಬಂದಿತ್ತು. 20 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ರಾಜ್ಯ ಮಧ್ಯದ ಹಂತವನ್ನು ಕೈಬಿಡಬೇಕಾದರೆ ಸಂವಿಧಾನವನ್ನೇ ತಿದ್ದಬೇಕು. ಅದರ ಗೋಜಿಗೆ ಹೋಗದೆ ಚುನಾವಣೆಯನ್ನು ನಡೆಸದಿದ್ದರೆ ಫಲ ಒಂದೇ ಆಗುತ್ತದಲ್ಲ?

ನನ್ನ ಮಟ್ಟಿಗೆ, ತಾಲ್ಲೂಕು ಪಂಚಾಯಿತಿಗೆ ಕೆಲಸವಿಲ್ಲ ಎನ್ನುವುದು ಅದಕ್ಕೆ ಕೆಲಸ ಕೊಡಬೇಕೆಂಬ ವಾದವೇ ಹೊರತು ಮುಚ್ಚಬೇಕೆಂಬುದಲ್ಲ. ಪ್ರಾದೇಶಿಕ ಅಸಮಾನತೆಯ ಹಣವನ್ನು ತಾಲ್ಲೂಕಿನ ಸೂಚ್ಯಂಕದ ಮೇಲೆ ಹಂಚುವುದು ನಿಜವಾದರೆ ಅದರಲ್ಲಿ ಗಣನೀಯ ಭಾಗವನ್ನು ತಾಲ್ಲೂಕು ಪಂಚಾಯಿತಿಗೇ, ಷರತ್ತಿಲ್ಲದೆ, ಕೊಡಬೇಕು. ಸಿ. ನಾರಾಯಣಸ್ವಾಮಿ ಅಧ್ಯಕ್ಷತೆಯ ಐದನೇ ರಾಜ್ಯ ಹಣಕಾಸು ಆಯೋಗದಂಥ ಸಂಸ್ಥೆಗಳು ಇರುವುದೇ ಇಂಥ ಪಾಲು ನಿರ್ಧರಿಸಲು. ಗ್ರಾಮ ಪಂಚಾಯಿತಿಗೆ ಬರುವ ಅನುದಾನದಲ್ಲಿಯೂ ತೆರಿಗೆ ಹುಟ್ಟದ ನೆಲಕ್ಕೆ ಹೆಚ್ಚಿನ ತೂಕ ಬೇಕು. ಹಾಗೆಂದು ತೆರಿಗೆ ವಸೂಲಿ ಮಾಡದವರಿಗೆ ಬಹುಮಾನವಾಗಬಾರದು. ನೂರು ರೂಪಾಯಿ ಬೇಡಿಕೆಯಲ್ಲಿ ಎಂಬತ್ತು ವಸೂಲು ಮಾಡಿದ ಬಡ ಪಂಚಾಯಿತಿಗೆ, ಸಾವಿರದಲ್ಲಿ ನಾನೂರು ವಸೂಲು ಮಾಡಿದ ಶ್ರೀಮಂತ ಪಂಚಾಯಿತಿಗಿಂತ ಹೆಚ್ಚು ಅಂಕ ಸಿಗಬೇಕು.

ಇನ್ನು ಜಿಲ್ಲಾ ಯೋಜನಾ ಸಮಿತಿ. ಅದರ ಸದಸ್ಯರಲ್ಲಿ ಕನಿಷ್ಠ ಐದರಲ್ಲಿ ನಾಲ್ಕು ಭಾಗ ಜಿಲ್ಲಾ ಪಂಚಾಯಿತಿ ಮತ್ತು ನಗರ ಸಂಸ್ಥೆಗಳ ಚುನಾಯಿತರಿಂದಲೇ ಬರಬೇಕು ಎಂದು 243-ಜೆಡ್‌ಡಿ ವಿಧಿ ಹೇಳುತ್ತದೆ. ಜಿಲ್ಲಾ ಪಂಚಾಯಿತಿಯಲ್ಲಿ ಯಾರೂ ಇಲ್ಲದಿದ್ದರೆ ಹಳ್ಳಿಯ ಪಾಲಿನ ಕುರ್ಚಿಗಳು ಖಾಲಿ. ಜಿಲ್ಲೆಗೊಂದು ಯೋಜನೆ ಎಂಬುದು ಆಗ ಇಲಾಖೆಗಳ ಬೇಡಿಕೆಗಳನ್ನು ಒಟ್ಟಿಗೆ ಹೊಲಿದ ಕಡತ.

ಈ ಕುರ್ಚಿಗಳು ಖಾಲಿಯಾದ ಮೇಲೆ ನಡೆದ ಇನ್ನೊಂದು ಚುನಾವಣೆಯನ್ನೂ ಹೇಳಬೇಕು. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25 ಸ್ಥಳೀಯ ಸಂಸ್ಥೆಗಳ ಕ್ಷೇತ್ರದವು. ಪಂಚಾಯಿತಿ ಮತ್ತು ನಗರ ಸಂಸ್ಥೆಗಳ ಸದಸ್ಯರೇ ಅದರ ಮತದಾರರು. ಆ 25 ಸ್ಥಾನಗಳ ಅವಧಿ 2022ರ ಜನವರಿ ಮೊದಲ ವಾರಕ್ಕೆ ಮುಗಿಯುವುದಿತ್ತು. ಮತದಾರರ ಪಟ್ಟಿಯಲ್ಲಿ ಜಿಲ್ಲಾ ಪಂಚಾಯಿತಿಯ, ತಾಲ್ಲೂಕು ಪಂಚಾಯಿತಿಯ ಒಬ್ಬ ಸದಸ್ಯರೂ ಇಲ್ಲದಿದ್ದರೂ ಮತದಾನ 2021ರ ಡಿಸೆಂಬರ್ 10ರಂದು ನಡೆಯಿತು. ಒಂದು ದಿನವೂ ತಡವಾಗಲಿಲ್ಲ.